ಉಚಿತ ಪ್ರವಾಸದ ಕರೆ ಬಂದರೆ: ರಜಾ ಸದಸ್ಯತ್ವಕ್ಕೆ ಸಹಿ ಹಾಕುವ ಮುನ್ನ ಓದಿ

ಮಾಲ್‌ನ ಬಾಗಿಲಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಅದೃಷ್ಟ ಚೀಟಿಯೊಂದನ್ನು ತುಂಬಿಸಿಕೊಂಡು ಹೋಗಿ, ಕೆಲವು ದಿನಗಳ ನಂತರ ‘ನಿಮ್ಮ ಹೆಸರಿಗೆ ಉಚಿತ ಪ್ರವಾಸದ ಬಹುಮಾನ ಬಂದಿದೆ, ದಂಪತಿ ಇಬ್ಬರೂ ಬಂದು ಪಡೆದುಕೊಳ್ಳಿ’ ಎಂದು ಕರೆ ಮಾಡುವವರ ಬಗ್ಗೆ ಈ ಬರಹ. ಆ ಕರೆಯನ್ನು ನಂಬಿ ಹೋದವರ ಮುಂದೆ ಕೊನೆಗೆ ಇಡುವುದು ಇಪ್ಪತ್ತು, ಇಪ್ಪತ್ತೈದು ವರ್ಷಗಳವರೆಗೆ ಹಣ ಕಟ್ಟುತ್ತಲೇ ಇರಬೇಕಾದ ರಜಾ ಸದಸ್ಯತ್ವದ, ಅಂದರೆ ವರ್ಷಕ್ಕೆ ಕೆಲವು ದಿನ ರೆಸಾರ್ಟಿನಲ್ಲಿ ತಂಗುವ ಹಕ್ಕಿನ, ಕರಾರುಪತ್ರವನ್ನು. ನನ್ನ ಕುಟುಂಬ ಅಂಥ ಕರಾರಿನಲ್ಲಿ ಸಿಲುಕಿ, ಅದರಿಂದ ಹೊರಬರಲು ಇಂದಿಗೂ ಓಡಾಡುತ್ತಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಮ್ಮ ದೂರು ಇನ್ನೂ ವಿಚಾರಣೆಯಲ್ಲಿದೆ. ಅಲ್ಲದೆ ಹೆಸರು ಬೇರೆಯಾದರೂ ಇಂಥವರ ವಿಧಾನ ಒಂದೇ ಆಗಿರುವುದರಿಂದ, ಆ ವಿಧಾನವನ್ನು ತಿಳಿದುಕೊಳ್ಳುವುದೇ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಗರದಲ್ಲಿ ದುಡಿಯುವವರಿಗೆ ರಜೆಯ ಹಂಬಲ ಸಣ್ಣದಲ್ಲ. ವಾಹನ ದಟ್ಟಣೆಯಲ್ಲಿ ಕಳೆಯುವ ಸಂಜೆಗಳು, ಮಕ್ಕಳೊಂದಿಗೆ ಕೂತು ಮಾತನಾಡಲು ಸಿಗದ ವಾರಗಳು, ಮುಂದಕ್ಕೆ ಹಾಕುತ್ತಲೇ ಬಂದ ಪ್ರವಾಸಗಳು, ಇವೆಲ್ಲ ಸೇರಿ ‘ವರ್ಷಕ್ಕೊಮ್ಮೆಯಾದರೂ ಎಲ್ಲಿಗಾದರೂ ಹೋಗಿ ಬರಬೇಕು’ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ನೆದರ್ಲೆಂಡ್ಸ್‌ನ 1,530 ವಯಸ್ಕರನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರವಾಸ ಹೋಗಲಿರುವವರು ಹೊರಡುವ ಮುನ್ನವೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿರುವುದು ಕಂಡುಬಂತು. ಮರಳಿ ಬಂದ ಮೇಲೆ ಮಾತ್ರ, ತೀರಾ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ, ಹೋಗಿ ಬಂದವರಿಗೂ ಮನೆಯಲ್ಲೇ ಇದ್ದವರಿಗೂ ಅಂತರ ಕಾಣಲಿಲ್ಲ. ಅಂದರೆ ರಜೆಯ ಸುಖದ ದೊಡ್ಡ ಪಾಲು ಅದರ ನಿರೀಕ್ಷೆಯಲ್ಲಿದೆ. ರಜಾ ಸದಸ್ಯತ್ವ ಮಾರುವವರು ಈ ನಿರೀಕ್ಷೆಯನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ದಣಿದವರ ಮುಂದೆ ಚಿತ್ರ ತೋರಿಸಿ, ಮುಂದಿನ ಇಪ್ಪತ್ತೈದು ವರ್ಷಗಳ ನಿರೀಕ್ಷೆಯನ್ನು ಒಂದೇ ಮಧ್ಯಾಹ್ನದಲ್ಲಿ ಮಾರಿಬಿಡುತ್ತಾರೆ.

ಆ ಮಧ್ಯಾಹ್ನ ಹೇಗಿರುತ್ತದೆ ಎಂಬುದನ್ನು ವಿವರವಾಗಿಯೇ ಹೇಳಬೇಕು. ದೊಡ್ಡ ಹೋಟೆಲೊಂದರ ಸಭಾಂಗಣ. ಒಳಗೆ ಒಂದರ ಪಕ್ಕ ಒಂದು ದುಂಡು ಮೇಜುಗಳು, ಪ್ರತಿ ಮೇಜಿನಲ್ಲಿ ಒಂದು ಕುಟುಂಬ ಮತ್ತು ಒಬ್ಬ ಮಾರಾಟ ಪ್ರತಿನಿಧಿ. ಗಂಡ ಹೆಂಡತಿ ಪರಸ್ಪರ ಮಾತನಾಡಬೇಕಾದರೆ ತಲೆಗೆ ತಲೆ ತಾಗಿಸಬೇಕು, ಅಷ್ಟು ಜೋರಾಗಿ ಸಂಗೀತ ಹಾಕಿರುತ್ತಾರೆ. ಮಕ್ಕಳನ್ನು ಆಟದ ಮೂಲೆಗೆ ಕರೆದೊಯ್ಯುತ್ತಾರೆ. ಅರ್ಧ ಗಂಟೆಗೊಮ್ಮೆ ಯಾರೋ ಮೈಕ್ ಹಿಡಿದು ‘ಇದೀಗ ಮತ್ತೊಂದು ಕುಟುಂಬ ನಮ್ಮ ಜೊತೆ ಸೇರಿದೆ’ ಎನ್ನುತ್ತಾರೆ, ಕೂಡಲೇ ಎಲ್ಲ ಪ್ರತಿನಿಧಿಗಳೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅಷ್ಟು ಹೊತ್ತಿನಲ್ಲಿ ನಮ್ಮ ಮೇಜಿನ ಯುವಕ ನಮ್ಮ ಊರು, ಉದ್ಯೋಗ, ಮಕ್ಕಳ ಶಾಲೆ, ಹಿಂದಿನ ಪ್ರವಾಸಗಳು ಎಲ್ಲವನ್ನೂ ಬಹಳ ಆತ್ಮೀಯತೆಯಿಂದ ಕೇಳಿ ತಿಳಿದುಕೊಂಡಿದ್ದ. ಸದಸ್ಯತ್ವದ ಬೆಲೆಯ ಮಾತು ಮೊದಲ ಒಂದು ಗಂಟೆ ಬರಲೇ ಇಲ್ಲ.

ನಂತರ ಅವನು ಖಾಲಿ ಹಾಳೆಯೊಂದನ್ನು ತೆಗೆದು, ನಮಗೆ ನೇರವಾಗಿ ಕಾಣುವಂತೆ ತನ್ನ ಕಡೆಯಿಂದ ತಲೆಕೆಳಗಾಗಿ ಅಂಕಿಗಳನ್ನು ಬರೆಯತೊಡಗಿದ. ವರ್ಷಕ್ಕೆ ಪ್ರವಾಸಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಿದ, ಅದನ್ನು ಇಪ್ಪತ್ತೈದರಿಂದ ಗುಣಿಸಿದ, ಪ್ರತಿ ವರ್ಷದ ಬೆಲೆ ಏರಿಕೆಯನ್ನು ಕೂಡಿಸಿದ. ಕೊನೆಗೆ ಬಂದ ಭಾರೀ ಮೊತ್ತದ ಸುತ್ತ ಗೆರೆ ಎಳೆದು, ಅದರ ಪಕ್ಕದಲ್ಲಿ ಸದಸ್ಯತ್ವದ ಬೆಲೆ ಬರೆದ. ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಎರಡನೆಯದು ಬಹಳ ಸಣ್ಣದಾಗಿಯೇ ಕಾಣುತ್ತದೆ. ಆದರೆ ಮೊದಲನೆಯ ಮೊತ್ತದಲ್ಲಿ ಪ್ರಯಾಣ, ಊಟ, ಸುತ್ತಾಟ ಎಲ್ಲವೂ ಸೇರಿದ್ದು, ಎರಡನೆಯದರಲ್ಲಿ ಇರುವುದು ಕೋಣೆಯ ಬಾಡಿಗೆ ಮಾತ್ರ. ಸದಸ್ಯರಾದ ಮೇಲೂ ಪ್ರಯಾಣ, ಊಟದ ಖರ್ಚು ಇದ್ದೇ ಇರುತ್ತದೆ. ಅದೇ ಹಾಳೆಯಲ್ಲಿ ‘ಯಾವಾಗ ಬೇಕಾದರೂ ಬುಕಿಂಗ್’, ‘ಬೇಡವಾದರೆ ನಾವೇ ಮಾರಿಕೊಡುತ್ತೇವೆ’, ‘ವಿದೇಶದ ರೆಸಾರ್ಟ್‌ಗಳೂ ಸೇರಿ’ ಎಂಬ ಮಾತುಗಳನ್ನೂ ಅವನು ತನ್ನ ಕೈಯಾರೆ ಬರೆದ.

ನಾವು ಮನೆಗೆ ಹೋಗಿ ಯೋಚಿಸಿ ಹೇಳುತ್ತೇವೆ ಎಂದಾಗ ಒಬ್ಬ ಹಿರಿಯ ವ್ಯವಸ್ಥಾಪಕ ಬಂದು ಕುಳಿತರು. ‘ಸರ್, ಈ ಬೆಲೆ ಇವತ್ತಿಗೆ ಮಾತ್ರ. ನೀವು ಹೊರಗೆ ಹೋದ ಮೇಲೆ ನಾನು ಬೇಕೆಂದರೂ ಕೊಡಲಾರೆ. ಮೇಡಂ ಅವರಿಗೆ ಇಷ್ಟವಾಗಿದೆ, ನೀವೇ ಹಿಂಜರಿಯುತ್ತಿದ್ದೀರಿ,’ ಎಂದರು. ನನ್ನ ಪತ್ನಿ ತನಗೆ ಇಷ್ಟವಾಗಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂದು ಕರೆಯಲ್ಲೇ ಒತ್ತಾಯಿಸುವುದಕ್ಕೆ ಕಾರಣ ಅಲ್ಲಿ ತಿಳಿಯಿತು: ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂಬ ಮಾತಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಬಂದು ನಾಲ್ಕು ಗಂಟೆಯಾಗಿತ್ತು, ಮಕ್ಕಳು ಹಸಿದಿದ್ದರು, ಬಹುಮಾನದ ಪತ್ರವನ್ನು ಇನ್ನೂ ಕೊಟ್ಟಿರಲಿಲ್ಲ. ಕಾರ್ಡ್‌ನಿಂದ ಮುಂಗಡ ತೆಗೆದುಕೊಂಡು, ಹಲವು ಪುಟಗಳ ಕರಾರಿನ ಕೊನೆಯಲ್ಲಿ ಸಹಿ ಮಾಡಿಸಿಕೊಂಡರು. ಎಲ್ಲ ಭರವಸೆಗಳನ್ನೂ ಬರೆದಿದ್ದ ಆ ಹಾಳೆಯನ್ನು ಯುವಕ ಮಡಚಿ ತನ್ನ ಕಡತದೊಳಗೆ ಇಟ್ಟುಕೊಂಡ. ಅದರ ನಕಲು ಕೇಳಿದಾಗ ‘ಅದೆಲ್ಲ ಒಪ್ಪಂದದಲ್ಲೇ ಇದೆ ಸರ್’ ಎಂಬ ಉತ್ತರ ಬಂತು.

ಒಪ್ಪಂದದಲ್ಲಿ ಅದ್ಯಾವುದೂ ಇರಲಿಲ್ಲ. ಇದ್ದದ್ದು, ‘ಈ ಲಿಖಿತ ಕರಾರೇ ಉಭಯ ಪಕ್ಷಗಳ ನಡುವಿನ ಸಂಪೂರ್ಣ ಒಪ್ಪಂದವಾಗಿದ್ದು, ಪ್ರತಿನಿಧಿಗಳು ನೀಡಿದ ಮೌಖಿಕ ಭರವಸೆಗಳಿಗೆ ಸಂಸ್ಥೆ ಬದ್ಧವಲ್ಲ’ ಎಂಬ ಅರ್ಥದ ಷರತ್ತು. ಇಂಥ ಷರತ್ತು ಈ ವ್ಯವಹಾರದ ಬಹುಪಾಲು ಕರಾರುಗಳಲ್ಲಿ ಇರುತ್ತದೆ. ಇದೊಂದನ್ನು ಓದಿಕೊಂಡರೆ ಆ ಸಭಾಂಗಣದ ನಾಲ್ಕು ಗಂಟೆಗಳ ಮಾತಿಗೆ ಕಾನೂನಿನ ದೃಷ್ಟಿಯಲ್ಲಿ ಎಷ್ಟು ಬೆಲೆ ಉಳಿಯುತ್ತದೆ ಎಂಬುದು ಅರ್ಥವಾಗುತ್ತದೆ. ಬಹುಮಾನದ ಪತ್ರದ ವಿಷಯ ಹೇಳುವುದಾದರೆ, ವಾರದ ನಡುವಿನ ದಿನಗಳಿಗೆ ಮಾತ್ರ, ತೆರಿಗೆ ಪ್ರತ್ಯೇಕ, ಕೋಣೆ ಖಾಲಿ ಇದ್ದರೆ ಮಾತ್ರ ಎಂದು ಅದರ ಹಿಂಬದಿಯಲ್ಲಿ ಅಚ್ಚಾಗಿತ್ತು. ಅದು ಬಳಕೆಯಾಗದೆಯೇ ಅವಧಿ ಮುಗಿಯಿತು.

ನಿಜವಾದ ಕಷ್ಟ ಶುರುವಾದದ್ದು ಬುಕಿಂಗ್ ಮಾಡಲು ಹೋದಾಗ. ಈ ಸದಸ್ಯತ್ವಗಳಲ್ಲಿ ವರ್ಷವನ್ನು ಬಣ್ಣಗಳ ಅಥವಾ ಕೋಣೆಗಾಗಿ ಖರ್ಚು ಮಾಡುವ ಅಂಕಗಳ ಲೆಕ್ಕದಲ್ಲಿ ಋತುಗಳಾಗಿ ವಿಂಗಡಿಸಿರುತ್ತಾರೆ. ಶಾಲೆಗಳಿಗೆ ರಜೆ ಇರುವ, ಹಬ್ಬಗಳು ಬರುವ, ವರ್ಷದ ಕೊನೆಯ ವಾರಗಳೆಲ್ಲ ಅತಿ ದುಬಾರಿ ಋತುವಿಗೆ ಸೇರುತ್ತವೆ. ಕಡಿಮೆ ಬೆಲೆಗೆ ಮಾರಿದ ಸದಸ್ಯತ್ವದಲ್ಲಿ ಆ ದಿನಗಳು ಸಿಗುವುದಿಲ್ಲ, ಅಥವಾ ಒಂದು ವಾರಕ್ಕೆ ಕೊಟ್ಟ ಅಂಕಗಳೆಲ್ಲ ಎರಡು ರಾತ್ರಿಗೇ ಖರ್ಚಾಗುತ್ತವೆ. ಬುಕಿಂಗ್ ಮಾಡುವ ಅವಕಾಶ ತಿಂಗಳುಗಳ ಮೊದಲೇ ತೆರೆಯುತ್ತದೆ, ಮೇಲಿನ ಶ್ರೇಣಿಯ ಸದಸ್ಯರಿಗೆ ಇನ್ನೂ ಮೊದಲು. ನಮ್ಮ ಸರದಿ ಬರುವಷ್ಟರಲ್ಲಿ ಬೇಕಾದ ಊರಿನಲ್ಲಿ ಕೋಣೆಗಳಿರುವುದಿಲ್ಲ. ನೌಕರಿಯಲ್ಲಿರುವವರಿಗೆ ರಜೆ ಮಂಜೂರಾಗುವುದು ಹೊರಡುವ ಕೆಲವು ವಾರಗಳ ಮೊದಲಷ್ಟೇ, ಮಕ್ಕಳ ಪರೀಕ್ಷಾ ವೇಳಾಪಟ್ಟಿ ಬರುವುದು ಅದಕ್ಕೂ ತಡವಾಗಿ. ಹೀಗಾಗಿ ಯಾರ ಹಂಬಲವನ್ನು ನಂಬಿ ಈ ಸರಕನ್ನು ಮಾರುತ್ತಾರೋ, ಅವರಿಗೇ ಅದನ್ನು ಬಳಸಲು ಆಗದಂಥ ರಚನೆ ಇದರದು. ಒಮ್ಮೆ ನಾವು ಕೇಳಿದ ದಿನಾಂಕಕ್ಕೆ ಸದಸ್ಯರ ಪಾಲಿನ ಕೋಣೆಗಳಿಲ್ಲ ಎಂದ ಅದೇ ರೆಸಾರ್ಟ್, ಅದೇ ದಿನಾಂಕಕ್ಕೆ ಸಾರ್ವಜನಿಕರಿಗೆ ಬಾಡಿಗೆಗೆ ಕೋಣೆ ಕೊಡಲು ಸಿದ್ಧವಿತ್ತು. ಅದನ್ನು ಕಂಡಾಗ ಆದ ಸಂಕಟವನ್ನು ಮರೆಯಲು ಸಾಧ್ಯವಿಲ್ಲ.

ಇದರಿಂದ ಸಂತೋಷಪಟ್ಟವರು ಯಾರೂ ಇಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ನಿವೃತ್ತರಾಗಿದ್ದು, ಜನಸಂದಣಿ ಇಲ್ಲದ ಋತುವಿನಲ್ಲಿ ವಾರದ ನಡುವೆ ಹೋಗಬಲ್ಲವರು, ಪ್ರತಿ ವರ್ಷ ತಪ್ಪದೆ ಒಂದೇ ಬಗೆಯ ರೆಸಾರ್ಟಿಗೆ ಹೋಗಲು ಒಪ್ಪುವವರು ಕೊಟ್ಟ ಹಣಕ್ಕೆ ಸರಿಯಾಗಿ ಇದನ್ನು ಬಳಸುವುದುಂಟು. ಅವರು ಕೂಡ ವಾರ್ಷಿಕ ನಿರ್ವಹಣಾ ಶುಲ್ಕದಿಂದ ತಪ್ಪಿಸಿಕೊಳ್ಳಲಾರರು. ಹೋದರೂ ಹೋಗದಿದ್ದರೂ ಕಟ್ಟಬೇಕಾದ ಈ ಶುಲ್ಕವನ್ನು ಏರಿಸುವ ಅಧಿಕಾರ ಸಂಸ್ಥೆಯದೇ. ಕಟ್ಟದಿದ್ದರೆ ಬುಕಿಂಗ್ ನಿಲ್ಲುತ್ತದೆ, ಬಾಕಿಗೆ ಬಡ್ಡಿ ಸೇರುತ್ತದೆ. ಬೇರೆ ದೇಶದ ಅಥವಾ ಬೇರೆ ಸಂಸ್ಥೆಯ ರೆಸಾರ್ಟ್‌ಗಳು ಸಿಗುವುದು, ಸದಸ್ಯರು ತಮ್ಮ ದಿನಗಳನ್ನು ಬೇರೆ ರೆಸಾರ್ಟಿನ ದಿನಗಳಿಗೆ ಬದಲಾಯಿಸಿಕೊಳ್ಳುವ ವಿನಿಮಯ ಜಾಲದ ಮೂಲಕ. ಅದಕ್ಕೆ ಮತ್ತೊಂದು ಸದಸ್ಯತ್ವ, ಪ್ರತಿ ವಿನಿಮಯಕ್ಕೂ ಪ್ರತ್ಯೇಕ ಶುಲ್ಕ. ಇನ್ನೊಂದು ಅಂಶವನ್ನು ಬಹಳ ಜನ ಗಮನಿಸುವುದಿಲ್ಲ. ಕಂತುಗಳಲ್ಲಿ ಕಟ್ಟಿದರಾಯಿತು ಎಂದು ಅಲ್ಲೇ ಮಾಡಿಸುವ ಸಾಲ ಬಹಳ ಸಲ ಬೇರೊಂದು ಹಣಕಾಸು ಸಂಸ್ಥೆಯದು, ಅದಕ್ಕೆ ಬೇರೆಯೇ ಕರಾರು. ಸದಸ್ಯತ್ವ ರದ್ದಾಗಲಿ ಎಂದು ಜಗಳವಾಡುತ್ತ ಕಂತು ನಿಲ್ಲಿಸಿದರೆ ಸಾಲದ ದಾಖಲೆ ಕೆಡುವುದು ನಮ್ಮದೇ.

ಒತ್ತಡದ ಮಾರಾಟ ಈ ವ್ಯವಹಾರಕ್ಕೆ ಎಷ್ಟು ಹೊಂದಿಕೊಂಡಿದೆ ಎಂಬುದಕ್ಕೆ ಬೇರೆ ದೇಶಗಳ ಕಾನೂನುಗಳೇ ಸಾಕ್ಷಿ. ಯುರೋಪಿಯನ್ ಒಕ್ಕೂಟ 1994ರಲ್ಲೇ ಟೈಮ್‌ಶೇರ್ (ಇಂಥ ರಜಾ ಸದಸ್ಯತ್ವಕ್ಕೆ ಅಲ್ಲಿನ ಹೆಸರು) ಬಗ್ಗೆ ನಿರ್ದೇಶನ ಹೊರಡಿಸಿತು, 2009ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಅದರ ಪ್ರಕಾರ ಸಭೆಗೆ ಆಹ್ವಾನಿಸುವಾಗಲೇ ಇದು ಮಾರಾಟದ ಸಭೆ ಎಂದು ಸ್ಪಷ್ಟವಾಗಿ ತಿಳಿಸಬೇಕು, ಇದನ್ನು ಹೂಡಿಕೆ ಎಂದು ಬಣ್ಣಿಸಿ ಮಾರುವಂತಿಲ್ಲ. ಸಹಿ ಹಾಕಿದ 14 ದಿನಗಳೊಳಗೆ ಗ್ರಾಹಕ ಯಾವ ಕಾರಣವನ್ನೂ ಕೊಡದೆ ಹಿಂದೆ ಸರಿಯಬಹುದು, ಆ ಅವಧಿ ಮುಗಿಯುವವರೆಗೆ ಮುಂಗಡ ಪಡೆಯುವುದು ನಿಷಿದ್ಧ. ಅಮೆರಿಕದ ಫ್ಲಾರಿಡಾದಲ್ಲಿ 10 ದಿನಗಳ ಅವಕಾಶವಿದೆ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಗ್ರಾಹಕನ ಹಕ್ಕನ್ನು ಏಕಪಕ್ಷೀಯವಾಗಿ ಮೊಟಕುಗೊಳಿಸುವ ಕರಾರುಗಳನ್ನು ಅನುಚಿತ ಕರಾರು ಎಂದು ಪ್ರಶ್ನಿಸಲು ದಾರಿ ಮಾಡಿದೆ. ದೂರನ್ನು ಕಾರಣ ಹುಟ್ಟಿದ 2 ವರ್ಷಗಳೊಳಗೆ ಸಲ್ಲಿಸಬೇಕು, ಮೊದಲ ಹಂತದ ನೆರವಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನೀವು ಯಾವ ದೇಶದಲ್ಲಿ, ಯಾವ ದೇಶದ ಸಂಸ್ಥೆಯ ಕರಾರಿಗೆ ಸಹಿ ಹಾಕುತ್ತೀರಿ ಎಂಬುದರ ಮೇಲೆ ನಿಮ್ಮ ರಕ್ಷಣೆ ಬದಲಾಗುವುದರಿಂದ, ‘ಹಿಂದೆ ಸರಿಯಲು ಎಷ್ಟು ದಿನ ಇದೆ, ಅದು ಯಾವ ಪುಟದಲ್ಲಿದೆ’ ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಿ. ಪ್ರತಿನಿಧಿ ಪುಟ ತೋರಿಸಲು ತಡಕಾಡಿದರೆ ಅಲ್ಲಿಂದ ಏಳಲು ಅಷ್ಟು ಕಾರಣ ಸಾಕು. ಕರಾರುಪತ್ರವನ್ನು ಮನೆಗೆ ಒಯ್ದು ಓದಲು ಬಿಡದ ಯಾವ ಸಂಸ್ಥೆಯೂ ನಂಬಿಕೆಗೆ ಅರ್ಹವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಯದ ಮೇಲೆ ಬರೆ ಎಳೆಯುವ ಎರಡನೆಯ ಮೋಸವೊಂದಿದೆ. ಸದಸ್ಯತ್ವವನ್ನು ಮಾರಬೇಕೆಂದು ಎಲ್ಲಾದರೂ ಜಾಹೀರಾತು ಕೊಟ್ಟ ಕೂಡಲೇ, ‘ನಿಮ್ಮ ಸದಸ್ಯತ್ವಕ್ಕೆ ಒಳ್ಳೆಯ ಬೆಲೆ ಕೊಡುವವರು ಸಿದ್ಧರಿದ್ದಾರೆ, ವರ್ಗಾವಣೆ ಶುಲ್ಕ ಮತ್ತು ತೆರಿಗೆಯನ್ನು ಮೊದಲು ಕಟ್ಟಿ’ ಎಂಬ ಕರೆಗಳು ಬರತೊಡಗುತ್ತವೆ. ನಮಗೆ ಬಂದ ಕರೆಯಲ್ಲಿ ಮಾತನಾಡಿದವರಿಗೆ ನಮ್ಮ ಸದಸ್ಯತ್ವದ ಸಂಖ್ಯೆ, ಬಾಕಿ ಮೊತ್ತ ಎರಡೂ ತಿಳಿದಿತ್ತು. ಇದು ಎಷ್ಟು ದೊಡ್ಡ ದಂಧೆ ಎಂದರೆ, ಮೆಕ್ಸಿಕೋದ ಮಾದಕವಸ್ತು ಗುಂಪುಗಳು ಅಮೆರಿಕದ ಟೈಮ್‌ಶೇರ್ ಮಾಲೀಕರನ್ನು ಹೀಗೆ ಸುಲಿಯುತ್ತಿವೆ ಎಂದು ಅಮೆರಿಕ ಸರ್ಕಾರದ ಸಂಸ್ಥೆಗಳು 2024ರಲ್ಲಿ ಜಂಟಿಯಾಗಿ ಎಚ್ಚರಿಸಿದವು. 2019ರಿಂದ 2023ರ ನಡುವೆ ಸುಮಾರು 6,000 ಅಮೆರಿಕನ್ನರು ಇದರಲ್ಲಿ ಒಟ್ಟು 30 ಕೋಟಿ ಡಾಲರ್‌ನಷ್ಟು ಕಳೆದುಕೊಂಡ ಬಗ್ಗೆ ದೂರು ನೀಡಿದ್ದಾರೆ. ನಿಜವಾಗಿ ಕೊಳ್ಳುವವನು ಇದ್ದರೆ ಮಾರುವವನಿಂದ ಮೊದಲೇ ಹಣ ಕೇಳಬೇಕಾದ ಅಗತ್ಯ ಬರುವುದಿಲ್ಲ. ಅಂಥ ಕರೆಗೆ ಬ್ಯಾಂಕ್ ವಿವರವನ್ನಾಗಲಿ ಗುರುತಿನ ದಾಖಲೆಯನ್ನಾಗಲಿ ಕೊಡಬೇಡಿ.

ಇತ್ತೀಚೆಗಷ್ಟೇ ಸಹಿ ಹಾಕಿದವರು ಇದನ್ನು ಓದುತ್ತಿದ್ದರೆ, ಇಂದೇ ಕರಾರನ್ನು ತೆಗೆದು ರದ್ದತಿಯ ಷರತ್ತನ್ನು ಹುಡುಕಿ. ಅವಧಿ ಉಳಿದಿದ್ದರೆ ಅದು ಹೇಳುವ ವಿಳಾಸಕ್ಕೆ, ಅದು ಹೇಳುವ ರೀತಿಯಲ್ಲೇ, ರದ್ದು ಮಾಡುತ್ತಿರುವುದಾಗಿ ಒಂದೇ ವಾಕ್ಯದಲ್ಲಿ ಬರೆದು ತಲುಪಿದ ದಾಖಲೆ ಸಿಗುವಂಥ ಅಂಚೆಯಲ್ಲಿ ಕಳುಹಿಸಿ, ಅದೇ ದಿನ ಇಮೇಲ್ ಕೂಡ ಮಾಡಿ, ರಸೀದಿಯನ್ನು ಕಾಪಾಡಿಕೊಳ್ಳಿ. ಪ್ರತಿನಿಧಿಗೆ ಫೋನ್ ಮಾಡಿ ಕೇಳಲು ಹೋಗಬೇಡಿ. ‘ವ್ಯವಸ್ಥಾಪಕರು ರಜೆಯಲ್ಲಿದ್ದಾರೆ, ಮುಂದಿನ ವಾರ ನೋಡೋಣ’ ಎಂಬ ಮಾತಿನಲ್ಲೇ ಅವಧಿ ಕಳೆದುಹೋಗುತ್ತದೆ. ಸಾಲ ಮಾಡಿಸಿದ್ದರೆ ಆ ಪತ್ರದ ಪ್ರತಿಯನ್ನು ಸಾಲ ಕೊಟ್ಟ ಸಂಸ್ಥೆಗೂ ಅದೇ ದಿನ ಕಳುಹಿಸಿ, ತಲುಪಿದ್ದಕ್ಕೆ ಲಿಖಿತ ಉತ್ತರ ಪಡೆಯಿರಿ. ಅವಧಿ ಮೀರಿದ್ದರೆ, ಪ್ರತಿನಿಧಿ ಕಳುಹಿಸಿದ ಸಂದೇಶಗಳು, ಕರೆ ಬಂದ ದಿನಾಂಕಗಳು, ಬುಕಿಂಗ್ ನಿರಾಕರಿಸಿದ ಪ್ರತಿ ಉತ್ತರ, ಅದೇ ದಿನ ಸಾರ್ವಜನಿಕರಿಗೆ ಕೋಣೆ ತೋರಿಸುತ್ತಿದ್ದ ಪರದೆಯ ಚಿತ್ರ ಇವನ್ನೆಲ್ಲ ಒಂದೆಡೆ ಜೋಡಿಸಿಡಿ. ನಮ್ಮ ದೂರಿನಲ್ಲಿ ಇವತ್ತು ಆಧಾರವಾಗಿ ನಿಂತಿರುವುದು ಅವೇ.