ಚಿಕ್ಕ ಮಕ್ಕಳ ಜೊತೆ ಕಡಲತೀರ: ರೆಸಾರ್ಟಾ, ಬಾಡಿಗೆ ಮನೆಯಾ?

ನಮ್ಮ ದೊಡ್ಡವಳಿಗೆ ಐದು ತುಂಬಿದೆ, ಚಿಕ್ಕವನಿಗೆ ಇನ್ನೂ ಎರಡಾಗಿಲ್ಲ. ಇವರಿಬ್ಬರನ್ನು ಕಟ್ಟಿಕೊಂಡು ಸಮುದ್ರ ನೋಡಲು ಹೋಗುವವರಿಗೆ ಸಾಮಾನ್ಯವಾಗಿ ಇರೋದು ಎರಡು ದಾರಿ. ಊಟ, ತಿಂಡಿ, ಆಟ ಎಲ್ಲವೂ ಒಂದೇ ದರದಲ್ಲಿ ಸೇರಿರುವ ದೊಡ್ಡ ರೆಸಾರ್ಟ್ ಒಂದು. ತೀರದ ಹತ್ತಿರ ಅಡುಗೆಮನೆ ಸಮೇತ ಸಿಗುವ ಬಾಡಿಗೆ ಮನೆ ಇನ್ನೊಂದು. ಎರಡರಲ್ಲೂ ಇದ್ದು ನೋಡಿದ್ದೇವೆ. ಯಾವುದು ಮೇಲು ಅಂತ ಗೆಳತಿಯರು ಕೇಳಿದಾಗ ನಾನು ತಿರುಗಿ ಕೇಳೋದು ಇಷ್ಟೇ: ನಿಮ್ಮ ಚಿಕ್ಕದು ಮಧ್ಯಾಹ್ನ ಮಲಗುತ್ತಾ? ಮಲಗುತ್ತೆ ಅಂದ್ರೆ ಅರ್ಧ ಉತ್ತರ ಸಿಕ್ಕಂತೆ.

ಯಾಕೆ ಅಂದ್ರೆ, ರೆಸಾರ್ಟಿನ ರೂಮು ಎಷ್ಟೇ ಚೆಂದ ಇರಲಿ, ಹೆಚ್ಚಿನ ಕಡೆ ಅದು ಒಂದೇ ಕೋಣೆ. ರಾತ್ರಿ ಎಂಟಕ್ಕೆ ಮಗು ಮಲಗಿದರೆ ಇಡೀ ಸಂಸಾರ ಎಂಟಕ್ಕೇ ಮಲಗಬೇಕು. ನಾವಿಬ್ಬರೂ ದೀಪ ಆರಿಸಿ, ಬಾತ್‌ರೂಮಿನ ಬಾಗಿಲು ಒಂದಿಷ್ಟು ತೆರೆದು, ಆ ಬೆಳಕಲ್ಲಿ ಮೂಕರ ಹಾಗೆ ಕೈಸನ್ನೆ ಮಾಡುತ್ತಾ ಕೂತಿದ್ದೆವು. ಅಷ್ಟರಲ್ಲಿ ದೊಡ್ಡವಳು "ಅಮ್ಮಾ, ನಂಗೆ ನಿದ್ದೆ ಬರ್ತಿಲ್ಲ" ಅಂತ ಜೋರಾಗಿ ಹೇಳಿದಳು. ಅಲ್ಲಿಗೆ ಮುಗೀತು, ಚಿಕ್ಕವನು ಎದ್ದು ಕೂತ. ಬಾಡಿಗೆ ಮನೆಯಲ್ಲಿ ಮಲಗುವ ಕೋಣೆಗೆ ಬೇರೆ ಬಾಗಿಲು ಇರುತ್ತೆ. ಅದನ್ನು ಮುಚ್ಚಿ ಹೊರಗೆ ಬಂದರೆ ನಮ್ಮ ಸಂಜೆ ನಮಗೆ. ಆ ಒಂದು ಬಾಗಿಲಿಗಾಗಿ ನಾನು ಮೂರು ಈಜುಕೊಳ, ಒಂದು ಜಾರುಬಂಡೆ ಬಿಟ್ಟುಕೊಡಲು ತಯಾರು.

ಊಟದ ವಿಷಯದಲ್ಲಿ ರೆಸಾರ್ಟ್ ಗೆಲ್ಲುತ್ತೆ ಅಂತ ಎಲ್ಲರೂ ಹೇಳ್ತಾರೆ. ಮೊದಲೆರಡು ದಿನ ಅದು ನಿಜ ಕೂಡ. ಬಫೆಯಲ್ಲಿ ಕಾಯುವ ಕೆಲಸ ಇಲ್ಲ. ಹಸಿದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಆರ್ಡರ್ ಬರುವವರೆಗೆ ಕಾದವರಿಗೆ ಇದರ ಸುಖ ಗೊತ್ತು. ಆದರೆ ಮಕ್ಕಳು ಅಷ್ಟುದ್ದದ ಸಾಲಿನಿಂದ ತಿನ್ನೋದು ಎರಡೇ ಐಟಮ್. ಅದೂ ಅಲ್ಲದೆ ಸಣ್ಣ ಮಕ್ಕಳು ಬೆಳಗ್ಗೆ ಐದಕ್ಕೇ ಏಳುತ್ತವೆ, ಬಫೆ ಬಾಗಿಲು ತೆರೆಯೋದು ಏಳಕ್ಕೆ. ಆ ಎರಡು ಗಂಟೆ ಬಿಸ್ಕತ್ತು, ರೂಮಿನ ಕೆಟಲ್ ಇಷ್ಟರಲ್ಲೇ ಕಳೆಯಬೇಕು. ಮನೆಯಲ್ಲಿ ಫ್ರಿಜ್ ತೆಗೆದರೆ ಆಯ್ತು. ಹಾಗಂತ ಪಾತ್ರೆ ತೊಳೆಯೋದು ತಪ್ಪಲ್ಲ. ಅದನ್ನು ಯಾರು ತೊಳೀತಾರೆ ಅಂತ ಹೊರಡೋಕೆ ಮುಂಚೆಯೇ ಮಾತಾಡಿಕೊಳ್ಳಿ. ಇಲ್ಲಾಂದ್ರೆ ಅದು ಅಮ್ಮನ ಪಾಲಿಗೆ ರಜೆಯೇ ಅಲ್ಲ.

ಇನ್ನು ನೀರು. ನಿಜವಾದ ವ್ಯತ್ಯಾಸ ಇರೋದು ಇಲ್ಲೇ.

ರೆಸಾರ್ಟಿನ ದೊಡ್ಡ ಗುಣ ಅಂದ್ರೆ ಮಕ್ಕಳ ಪೂಲ್. ಅದರಲ್ಲೂ ಮರಳತೀರದ ಹಾಗೆ ಇಳಿಜಾರಾಗಿ, ಮೆಟ್ಟಿಲಿಲ್ಲದೆ ಶುರುವಾಗುವ ಪೂಲ್ ಇದ್ದರೆ ಚಿಕ್ಕವರು ಗಂಟೆಗಟ್ಟಲೆ ಅಲ್ಲೇ. ನೆರಳಿಗೆ ಛತ್ರಿ, ಪಕ್ಕದಲ್ಲೇ ಟಾಯ್ಲೆಟ್, ಕಾಲು ತೊಳೆಯಲು ಶವರ್. ಬೆಳಕು ಹರಿಯೋ ಮುಂಚೆ ಟವಲ್ ಹಾಸಿ ಛತ್ರಿ ಹಿಡಿಯುವ ಜನ ಇದ್ದಾರೆ ಅನ್ನೋದೊಂದು ರಗಳೆ, ಇರಲಿ ಬಿಡಿ. ಪೂಲಿನ ಹತ್ತಿರ ಹೋದಾಗ ಮೂಗಿಗೆ ಹೊಡೆಯುವ 'ಕ್ಲೋರಿನ್ ವಾಸನೆ' ಸ್ವಚ್ಛತೆಯ ಗುರುತಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು. ವಾಸನೆ ಜಾಸ್ತಿ ಇದ್ದ ಪೂಲಿಗೆ ನಾನು ಮಕ್ಕಳನ್ನು ಇಳಿಸಲ್ಲ. ಸ್ವಿಮ್ ಡೈಪರ್ ಹಾಕಿದ್ರೆ ಸಾಕು ಅಂತ ಅಂದುಕೊಳ್ಳೋದೂ ಸರಿಯಲ್ಲ. ಗಟ್ಟಿಯಾದದ್ದನ್ನು ಅದು ಒಂದಿಷ್ಟು ತಡೆಯುತ್ತೆ, ಭೇದಿಯ ರೋಗಾಣುಗಳನ್ನಲ್ಲ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ 7 ದಿನಕ್ಕಿಂತ ಹೆಚ್ಚು ಬದುಕಿರಬಲ್ಲದು. ಹೊಟ್ಟೆ ಕೆಟ್ಟ ಮಗುವನ್ನು ಪೂಲಿಗೆ ತರಬಾರದು ಅನ್ನೋದು ಇದಕ್ಕೇ.

ಬಾಡಿಗೆ ಮನೆಯಲ್ಲಿ ಇದ್ದಾಗ ನಮಗೆ ಪೂಲಿನ ಬದಲು ಸಮುದ್ರವೇ ಆಟದ ಜಾಗ. ಮಕ್ಕಳಿಗೆ ಇದೇ ಹೆಚ್ಚು ಇಷ್ಟ ಆಯ್ತು ಅಂತ ಹೇಳಬೇಕು. ಇಳಿತದ ಹೊತ್ತಿಗೆ ಮರಳಲ್ಲಿ ಉಳಿಯುವ ಚಿಕ್ಕ ಗುಂಡಿಗಳು, ಬೆಚ್ಚಗಿನ ನೀರು, ಪಾದ ಮುಳುಗುವಷ್ಟೇ ಆಳ. ಚಿಕ್ಕವನು ಒಂದು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಏಡಿಮರಿ ತೂತಿನೊಳಗೆ ಹೋಗೋದು, ಮತ್ತೆ ಇಣುಕೋದು ನೋಡುತ್ತಾ ಬೆರಳು ಚಾಚಿ "ಬಾ, ಬಾ" ಅಂತ ಕರೆಯುತ್ತಲೇ ಇದ್ದ. ಊಟಕ್ಕೆ ಎತ್ತಿಕೊಂಡು ಬಂದಾಗ ರಚ್ಚೆ ಹಿಡಿದ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸಾಮಾನ್ಯವಾಗಿ ಸುಮಾರು 6 ಗಂಟೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಉಬ್ಬರದ ಪಟ್ಟಿ ನೋಡಿಕೊಂಡರೆ ನಾಳೆ ಗುಂಡಿ ಆಟ ಯಾವಾಗ ಅಂತ ಇವತ್ತೇ ಗೊತ್ತಾಗುತ್ತೆ. ಮನೆ ತೀರಕ್ಕೆ ಅಂಟಿಕೊಂಡಿದ್ದರೆ ಆ ಹೊತ್ತಿಗೆ ಸರಿಯಾಗಿ ಹೊರಬಿದ್ದರೆ ಸಾಕು.

ಆದರೆ ಇಂಥ ಮನೆಗಳ ಮುಂದಿನ ತೀರದಲ್ಲಿ ಲೈಫ್‌ಗಾರ್ಡ್ ಇರೋದು ಕಡಿಮೆ. ಎಷ್ಟೋ ದೇಶಗಳಲ್ಲಿ ಕೆಂಪು-ಹಳದಿ ಬಾವುಟ ಅಂದ್ರೆ ಕಾವಲು ಇದೆ, ಎರಡು ಬಾವುಟಗಳ ನಡುವೆ ಇಳಿಯಬಹುದು ಅಂತ. ಬರೀ ಕೆಂಪು ಇದ್ದರೆ ನೀರು ಅಪಾಯಕಾರಿ, ಇಳಿಯಬಾರದು. ಬಾವುಟವೇ ಇಲ್ಲದ ಕಡೆ ಮಕ್ಕಳನ್ನು ಒದ್ದೆ ಮರಳಿನ ಅಂಚು ದಾಟಲು ಬಿಡಬೇಡಿ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಗೆ ಕಂಡರೆ ಅದು ಬಹಳ ಸಲ ಸೆಳವು. ಅಲೆ ಇಲ್ಲ, ಚೆನ್ನಾಗಿದೆ ಅಂತ ಅಪ್ಪ ಅಮ್ಮಂದಿರು ಮಕ್ಕಳನ್ನು ಇಳಿಸೋದು ಅಲ್ಲಿಗೇ! ಗಾಳಿ ತುಂಬಿದ ಬಾತುಕೋಳಿ, ದೋಣಿ ಇವೆಲ್ಲ ಪೂಲಿಗೆ ಸರಿ. ಸಮುದ್ರದಲ್ಲಿ ನೆಲದ ಕಡೆಯಿಂದ ಗಾಳಿ ಬೀಸಿದರೆ ಮಗು ಸಮೇತ ಒಳಕ್ಕೆ ಎಳೆದುಕೊಂಡು ಹೋಗುತ್ತವೆ.

ಪೂಲೇ ಇರಲಿ ಸಮುದ್ರವೇ ಇರಲಿ, ಮುಳುಗುವ ಮಗು ಹೆಚ್ಚಾಗಿ ಕೂಗಲ್ಲ, ಸದ್ದೇ ಇಲ್ಲದೆ ಮುಳುಗುತ್ತೆ. ಕೈಗೆ ಸಿಗುವ ದೂರದಲ್ಲಿ ಒಬ್ಬರು ಇರಲೇಬೇಕು, ಮೊಬೈಲ್ ಬದಿಗಿಟ್ಟು. ರೆಸಾರ್ಟಲ್ಲಿ ಸುತ್ತ ಅಷ್ಟು ಜನ ಇದ್ದಾರಲ್ಲ ಅಂತ ಮನಸ್ಸು ಸಡಿಲ ಆಗುತ್ತೆ. ನಮ್ಮವರು, ನಾನು ಸರದಿ ಹಾಕಿಕೊಂಡಿದ್ದು ಅದಕ್ಕೇ. ಈಜುಡುಗೆ ಕೊಳ್ಳುವಾಗ ನೀಲಿ, ಬಿಳಿ ಬಿಟ್ಟು ಕಣ್ಣಿಗೆ ಹೊಡೆಯುವ ಕಿತ್ತಳೆ, ಗುಲಾಬಿ ಬಣ್ಣ ತಗೊಳ್ಳಿ. ನೀರೊಳಗೆ ನೀಲಿ ಬಣ್ಣ ಕಾಣೋದೇ ಇಲ್ಲ.

ಖಾಸಗಿ ಪೂಲ್ ಇರುವ ಬಾಡಿಗೆ ಮನೆ ಮಾತ್ರ ನಾನು ಬೇಡ ಅಂತೀನಿ. ಫೋಟೋದಲ್ಲಿ ಆಸೆ ಹುಟ್ಟಿಸುತ್ತೆ ನಿಜ. ಆದರೆ ಅಡುಗೆಮನೆ ಬಾಗಿಲಾಚೆ ನಾಲ್ಕು ಹೆಜ್ಜೆಗೆ ನೀರು, ಸುತ್ತ ಬೇಲಿ ಇಲ್ಲ, ಮನೆಯಲ್ಲಿ ನಡೆಯೋಕೆ ಕಲಿತ ಕೂಸು. ಇಡೀ ರಜೆ ಬಾಗಿಲು ಕಾಯೋದೇ ಕೆಲಸ ಆಗುತ್ತೆ.

ಬಿಸಿಲಿನ ಲೆಕ್ಕದಲ್ಲಿ ನಮಗೆ ಮನೆಯೇ ಅನುಕೂಲ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಅತಿನೇರಳೆ ಕಿರಣ ಜೋರು. ಮನೆ ಹತ್ತಿರ ಇದ್ದರೆ ಹತ್ತಕ್ಕೆ ಒಳಗೆ ಬಂದು, ಮಲಗೆದ್ದು, ಮತ್ತೆ ಹೋಗಬಹುದು. ರೆಸಾರ್ಟಲ್ಲಿ 'ಬೀಚ್‌ಫ್ರಂಟ್' ಅಂತ ಹೇಳಿ ಹಿಂದಿನ ಬ್ಲಾಕಲ್ಲಿ ರೂಮು ಕೊಟ್ಟರು. ಬಕೆಟ್ಟು, ಟವಲ್ಲು, ಮಗು ಹೊತ್ತುಕೊಂಡು ನಡೆದು ಸುಸ್ತಾಗಿ, ಮಧ್ಯಾಹ್ನ ರೂಮಿಗೆ ಹೋಗೋದೇ ಬೇಡ ಅನ್ನಿಸಿ ಅಲ್ಲೇ ಉಳಿದೆವು. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಜಾಸ್ತಿ ಇರಲಿ, 2 ಗಂಟೆಗೊಮ್ಮೆ, ನೀರಿಂದ ಬಂದಮೇಲೆ ಮತ್ತೆ ಹಚ್ಚಬೇಕು. 6 ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ಮೈಮುಚ್ಚುವ ಬಟ್ಟೆಯೇ ಮೊದಲು.

ಕಿಡ್ಸ್ ಕ್ಲಬ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಡೈಪರ್ ಬಿಡದ ಮಕ್ಕಳನ್ನು ಹೆಚ್ಚಿನ ಕಡೆ ಸೇರಿಸಿಕೊಳ್ಳಲ್ಲ. ಹಾಗಾಗಿ ಎರಡು ವರ್ಷದ ಮಗುವಿಗೆ ಅದು ಸುಮ್ನೆ ದುಡ್ಡು. ದೊಡ್ಡವಳಿಗೆ ಮಾತ್ರ ಹಬ್ಬ. ಮುಖಕ್ಕೆ ಹುಲಿ ಬಣ್ಣ ಬಳಿಸಿಕೊಂಡವಳು "ನೀವು ಹೋಗಿ, ಆಮೇಲೆ ಬನ್ನಿ" ಅಂತ ನಮ್ಮನ್ನೇ ಕಳಿಸಿದಳು.

ಅಂದಹಾಗೆ, ಎಲ್ಲ ಸೇರಿಸಿದ ರಜೆಯನ್ನು ಜನಪ್ರಿಯ ಮಾಡಿದ ಕ್ಲಬ್ ಮೆಡ್ 1950ರಲ್ಲಿ ಮಯೋರ್ಕ ದ್ವೀಪದಲ್ಲಿ ಶುರುವಾದಾಗ ಅಲ್ಲಿದ್ದದ್ದು ಟೆಂಟುಗಳು. ಈಗಿನ ರೆಸಾರ್ಟುಗಳು ಮ್ಯಾಪ್ ಕೊಟ್ಟರೂ ದಾರಿ ತಪ್ಪುವಷ್ಟು ದೊಡ್ಡವು.

ಒಟ್ಟಿನಲ್ಲಿ ಮಗು ಮೂರು ದಾಟುವವರೆಗೆ ನನ್ನ ಮತ ಬಾಡಿಗೆ ಮನೆಗೆ. ಮಕ್ಕಳೆಲ್ಲ ನಾಲ್ಕು ದಾಟಿದ್ದರೆ ಕಣ್ಣು ಮುಚ್ಚಿಕೊಂಡು ರೆಸಾರ್ಟ್. ನಮ್ಮ ಹಾಗೆ ಒಂದು ದೊಡ್ಡದು, ಒಂದು ಚಿಕ್ಕದು ಇದ್ದರೆ ಮಲಗುವ ಕೋಣೆ ಬೇರೆ ಇರುವ, ಚಿಕ್ಕ ಅಡುಗೆ ಮೂಲೆಯೂ ಇರುವ ರೆಸಾರ್ಟ್ ಸ್ವೀಟ್ ಹುಡುಕಿ. ಮುಂದಿನ ಸಲ ನಾವು ನೋಡೋದೂ ಅದನ್ನೇ. ಬುಕ್ ಮಾಡುವ ಮುಂಚೆ ಫೋನ್ ಮಾಡಿ, ರೂಮು ಯಾವ ಬ್ಲಾಕು, ನೀರಿಗೆ ಎಷ್ಟು ದೂರ, ತೊಟ್ಟಿಲು ಕೊಡ್ತೀರಾ, ಮಕ್ಕಳ ಪೂಲಿಗೆ ನೆರಳಿದೆಯಾ ಅಂತ ಕೇಳಿ. "ಬಂದಮೇಲೆ ನೋಡೋಣ ಮೇಡಂ" ಅಂದರೆ ಬೇರೆ ಕಡೆ ನೋಡಿ.