ಮಿನಿಮೂಗ್, ಪ್ರಾಫೆಟ್-5, ಜೂನೋ-106: ನಿಮ್ಮ ಕೈಗೆ ಒಗ್ಗುವುದು ಯಾವುದು?

ವಿದ್ಯುತ್ ಮಂಡಲಗಳಿಂದ ನಾದ ಹುಟ್ಟಿಸುವ ಕೀಲಿಮಣೆ ವಾದ್ಯವಾದ ಅನಲಾಗ್ ಸಿಂಥಸೈಸರ್ ಆರಿಸುವವರು ನಾದದ ಬಣ್ಣಕ್ಕಿಂತ ಮೊದಲು ತಮ್ಮ ಬೆರಳುಗಳ ಅಭ್ಯಾಸವನ್ನು ಗಮನಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

1970ರ ಮಿನಿಮೂಗ್ ಮಾಡೆಲ್ ಡಿ ಒಮ್ಮೆಗೆ ಒಂದೇ ಸ್ವರವನ್ನು ನುಡಿಸುತ್ತದೆ. ಆದರೆ ಆ ಒಂದು ಸ್ವರದ ಹಿಂದೆ ಮೂರು ಆಸಿಲೇಟರ್‌ಗಳು, ಅಂದರೆ ಮೂಲ ನಾದವನ್ನು ಹುಟ್ಟಿಸುವ ಮಂಡಲಗಳು, ಇರುವುದರಿಂದ, ಅವುಗಳಲ್ಲೊಂದನ್ನು ಕೂದಲೆಳೆಯಷ್ಟು ಶ್ರುತಿಯಿಂದ ಸರಿಸಿದರೂ ನಾದವು ದಪ್ಪಗಾಗಿ ಅಲೆಯತೊಡಗುತ್ತದೆ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೆಳಗಿನ ಸ್ವರವೇ ಕೇಳಿಸುತ್ತದೆ; ಆ ಬೆರಳನ್ನು ಎತ್ತುವವರೆಗೆ ಮೇಲಿನ ಸ್ವರ ಹೊರಡದು. ಬೆರಳನ್ನು ತಡವಾಗಿ ಬಿಡುವ ಪಿಯಾನೋ ವಾದಕರಿಗೆ ಇದು ಆರಂಭದಲ್ಲಿ ತೊಡಕೆನಿಸಿದರೂ, ಬಾಸ್ ಮತ್ತು ಒಂಟಿ ರಾಗದ ಎಳೆಗಳನ್ನು, ಅದರಲ್ಲೂ ಸ್ವರದಿಂದ ಸ್ವರಕ್ಕೆ ಜಾರುವ ನುಡಿಸಾಣಿಕೆಯನ್ನು ಇಷ್ಟಪಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳನ್ನು) ಹಿಡಿಯುವವರಿಗೆ 1978ರ ಪ್ರಾಫೆಟ್-5 ಸೂಕ್ತ. ಅದು ಐದು ಸ್ವರಗಳನ್ನು ಒಟ್ಟಿಗೆ ನುಡಿಸುವುದಲ್ಲದೆ, ಹೊಂದಿಸಿದ ಧ್ವನಿಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಮೂಲ ಮಿನಿಮೂಗ್‌ನಲ್ಲಿ ಪ್ರತಿ ಗುಂಡಿಯನ್ನೂ ಮತ್ತೆ ಕೈಯಿಂದಲೇ ತಿರುಗಿಸಬೇಕು.

1984ರ ಜೂನೋ-106ರಲ್ಲಿ ಒಮ್ಮೆಗೆ ಆರು ಸ್ವರಗಳನ್ನು ನುಡಿಸಬಹುದಾಗಿದ್ದು, ಆಸಿಲೇಟರ್‌ಗಳನ್ನು ಡಿಜಿಟಲ್ ಆಗಿ ನಿಯಂತ್ರಿಸುವುದರಿಂದ ಶ್ರುತಿ ಸ್ಥಿರವಾಗಿರುತ್ತದೆ. ಸ್ವರಕ್ಕೆ ಒಂದೇ ಆಸಿಲೇಟರ್ ಇರುವ ಕೊರತೆಯನ್ನು ಹಲವು ವಾದ್ಯಗಳು ಒಟ್ಟಿಗೆ ನುಡಿದಂತೆ ನಾದವನ್ನು ದಪ್ಪಗಾಗಿಸುವ ಅದರ ಕೋರಸ್ ಪರಿಣಾಮ ಬಹುಮಟ್ಟಿಗೆ ತುಂಬುತ್ತದೆ. ಆದರೂ ಕೀಲಿಯನ್ನು ಮೃದುವಾಗಿ ಒತ್ತಿದರೂ ಜೋರಾಗಿ ಒತ್ತಿದರೂ ಧ್ವನಿಯ ಪ್ರಮಾಣ ಒಂದೇ ಆಗಿರುವುದರಿಂದ, ಬೆರಳಿನ ಒತ್ತಡದಿಂದಲೇ ಭಾವವನ್ನು ತರುವವರು ಇದನ್ನು ನುಡಿಸಿ ನೋಡಿದ ನಂತರವೇ ನಿರ್ಧರಿಸಲಿ.