ಪಿಎಚ್‌ಡಿಗೆ ಯಾವುದು: ಈಸ್ಟ್ರೋಜನ್ ದಾರಿಯೋ, ಹರ್‌2 ದಾರಿಯೋ?

ಸ್ತನ ಕ್ಯಾನ್ಸರ್ ಕೋಶಗಳ ಸಂಕೇತಗಳ ಮೇಲೆ ಸಂಶೋಧನೆ ಮಾಡಬೇಕು, ಆದರೆ ಯಾವ ಗ್ರಾಹಕ (ರಿಸೆಪ್ಟರ್, ಅಂದರೆ ಕೋಶದಲ್ಲಿ ಸಂಕೇತ ಸ್ವೀಕರಿಸುವ ಪ್ರೋಟೀನ್) ಹಿಡಿಯೋದು ಅನ್ನೋ ಗೊಂದಲ, ಅಲ್ವಾ?

ಈಸ್ಟ್ರೋಜನ್ ಹಾರ್ಮೋನ್ ಕಡೆ ಹೋದರೆ ಲ್ಯಾಬಿನಲ್ಲಿ ಬೆಳೆಸುವ ಎಂಸಿಎಫ್‌-7 ಕೋಶಗಳಿವೆ. 1973ರಿಂದ ಬಳಕೆಯಲ್ಲಿವೆ, ಓದಲು ಪೇಪರುಗಳು ಬೇಕಾದಷ್ಟು. ಹೊಸದೇನು ಹೇಳೋದು ಅನ್ನೋದೇ ತಲೆನೋವು. ಇನ್ನೊಂದು ಕಿರಿಕಿರಿ: ಕೋಶ ಬೆಳೆಸುವ ದ್ರವಕ್ಕೆ ಬಣ್ಣ ಕೊಡುವ ಫೀನಾಲ್ ರೆಡ್ ತಾನೇ ಸ್ವಲ್ಪ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ. ಅದಿಲ್ಲದ ದ್ರವ, ಇದ್ದಿಲಿನಿಂದ ಹಾರ್ಮೋನ್ ತೆಗೆದ ಸೀರಮ್ (ರಕ್ತದಿಂದ ತೆಗೆದ ಪೋಷಕ ದ್ರವ) ಬೇಕು. ಮರೆತರೆ ಹಾರ್ಮೋನ್ ಹಾಕದ ತಟ್ಟೆಯಲ್ಲೂ ಕೋಶಗಳು ಸುಮ್ನೆ ಬೆಳೆಯುತ್ತಿರುತ್ತವೆ.

ಕೋಶದ ಹೊರಪದರದಲ್ಲಿದ್ದು ಬೆಳೆಯಲು ಹೇಳುವ ಗ್ರಾಹಕ ಹರ್‌2ಗೆ ಎಸ್‌ಕೆ-ಬಿಆರ್-3 ಕೋಶಗಳು. ಇಲ್ಲಿ ಸಂಕೇತ ನಿಮಿಷಗಳಲ್ಲೇ ಬದಲಾಗುತ್ತದೆ. ಮಾದರಿಯನ್ನು ಐಸ್ ಮೇಲಿಡಲು ತಡಮಾಡಿದರೆ ಸಂಕೇತ ಚಾಲೂ ಇದೆ ಅಂತ ತೋರಿಸುವ ಫಾಸ್ಫೇಟ್ ಗುರುತು ಕಳಚಿಹೋಗಿ ಬ್ಲಾಟ್ (ಪ್ರೋಟೀನ್ ಪಟ್ಟಿಗಳ ಚಿತ್ರ) ಮಂಕಾಗುತ್ತದೆ. ಆದರೂ ಹರ್‌2 ತಡೆಯುವ ಟ್ರಾಸ್ಟುಜುಮಾಬ್ ಔಷಧಕ್ಕೆ ಕೆಲವು ಗೆಡ್ಡೆಗಳು ಯಾಕೆ ಬಗ್ಗುವುದಿಲ್ಲ ಅನ್ನುವ ಪ್ರಶ್ನೆ ಇಲ್ಲಿದೆ. ನನಗಂತೂ ಇದೇ ಇಷ್ಟ.